ಅಶೋಕ ಮರದೊಳಗೆ ಬಾವಲಿ ಗೂಡು ಕಟ್ಟುತ್ತಿದೆಯೇ? ಭಾನುವಾರ ಮರ ಸವರುವವರು ಬರುತ್ತಾರೆ, ಬೇಗ ತಿಳಿಸಿ

ಹಿತ್ತಲಬಾಗಿಲು, ದಾವಣಗೆರೆ. ಜನವರಿ 9

ನಮ್ಮ ಕಾಂಪೌಂಡಿನಲ್ಲಿ ಸಾಲಾಗಿ ಐದು ಅಶೋಕ ಮರಗಳಿವೆ. ಸೀತೆ ಕುಳಿತಿದ್ದ ವನದ ಕೆಂಪು ಹೂವಿನ ಅಶೋಕವಲ್ಲ, ಶಾಲೆ ಮತ್ತು ಕಚೇರಿಗಳ ಮುಂದೆ ಗೋಪುರದಂತೆ ನಿಂತು ಎಲೆಗಳನ್ನು ಕೆಳಕ್ಕೆ ಇಳಿಬಿಡುವ ಮರ. ಡಿಸೆಂಬರ್ ಆರಂಭದಿಂದ ಮೂರನೆಯ ಮರದ ಬುಡದಲ್ಲಿ ದಿನವೂ ಬೆಳಿಗ್ಗೆ ಹಸಿರೆಲೆಗಳೂ ಬೆರಳುದ್ದದ ಎಳೆಯ ಕಡ್ಡಿಗಳೂ ಬಿದ್ದಿರುತ್ತವೆ. ಗಾಳಿಗೆ ಮುರಿದವಲ್ಲ. ತುದಿ ನೋಡಿದರೆ ಯಾರೋ ಕಚ್ಚಿ ತುಂಡರಿಸಿದ ಹಾಗಿದೆ. ಮೊದಲು ಅಳಿಲು ಎಂದುಕೊಂಡಿದ್ದೆ. ಆದರೆ ಹಗಲಲ್ಲಿ ಅಲ್ಲಿ ಅಳಿಲು ಸುಳಿಯುವುದನ್ನು ನಾನು ಕಂಡಿಲ್ಲ.

ಇನ್ನೊಂದು ವಿಷಯ. ಮೊದಲನೆಯ ಮಹಡಿಯ ಗೋಡೆಗೆ ಕಂದು ಬಣ್ಣದ ಸಿಡಿತ. ಅದರಲ್ಲಿ ಸಾಸಿವೆಗಿಂತ ಸಣ್ಣ ಬೀಜಗಳು. ಸಜ್ಜೆಯ ಕೆಳಗೆ ಜಗಿದು ಉಗುಳಿದ ನಾರಿನ ಉಂಡೆಗಳು. ಬೀದಿಯ ಕೊನೆಯಲ್ಲಿ ಒಂದು ಗಸಗಸೆ ಹಣ್ಣಿನ ಮರವಿದೆ, ಬೀಜ ಅದರದ್ದೇ ಇರಬೇಕು.

ಪಕ್ಕದ ಮನೆಯವರು ಮರಗಳನ್ನು ಬೋಳಿಸಿಬಿಡಿ ಎನ್ನುತ್ತಿದ್ದಾರೆ. ನಮ್ಮ ಅತ್ತೆಯವರಿಗೆ ಬಾವಲಿ ಮನೆ ಹತ್ತಿರ ಸುಳಿಯುವುದೇ ಇಷ್ಟವಿಲ್ಲ. ಮರ ಸವರುವವರಿಗೆ ಭಾನುವಾರ ಬರಲು ಹೇಳಿಯಾಗಿದೆ. ಅದಕ್ಕೆ ಮೊದಲು ಇದೇನೆಂದು ತಿಳಿಯಬೇಕು. ಬಾವಲಿಗಳು ಹಕ್ಕಿಗಳ ಹಾಗೆ ಗೂಡು ಕಟ್ಟುತ್ತವೆಯೇ?

ಇರುಳುಗಣ್ಣು, ಮೈಸೂರು. ಜನವರಿ 9

ಮೇಡಂ, ದಯವಿಟ್ಟು ಭಾನುವಾರದ ಕೆಲಸವನ್ನು ಮುಂದಕ್ಕೆ ಹಾಕಿ. ನಾಳೆ ಮಧ್ಯಾಹ್ನ ಮರದ ಕಾಂಡಕ್ಕೆ ಹತ್ತಿರವಾಗಿ ನಿಂತು ನೇರ ಮೇಲಕ್ಕೆ ನೋಡಿ. ಟಾರ್ಚ್ ಬೇಡ. ಒಳಗೆ ಗಂಟೆಯಾಕಾರದ ಪೊಳ್ಳು ಕಾಣಿಸುತ್ತದೆಯೇ? ಅದರಲ್ಲಿ ಯಾವುದಾದರೂ ತೂಗಿಕೊಂಡಿದ್ದರೆ ಕಿವಿಯ ಅಂಚನ್ನು ಗಮನಿಸಿ, ಬಿಳಿ ನೂಲಿನಿಂದ ಹೊಲಿದಂತೆ ಇರಬೇಕು.

ಹಿತ್ತಲಬಾಗಿಲು. ಜನವರಿ 10

ನೋಡಿದೆ. ನೆಲದಿಂದ ಸುಮಾರು ಹದಿನೈದು ಅಡಿ ಎತ್ತರದಲ್ಲಿ, ಹೊರಗಿನಿಂದ ಏನೂ ಗೊತ್ತಾಗದಂತಹ ಜಾಗದಲ್ಲಿ, ಎಲೆಗಳ ನಡುವೆ ಒಂದು ಬಿಂದಿಗೆ ಬೋರಲು ಹಾಕಿದಷ್ಟು ಜಾಗ ಖಾಲಿಯಾಗಿದೆ. ಸುತ್ತ ಎಲೆಗಳ ಗೋಡೆ, ಬಾಗಿಲು ಕೆಳಗಡೆಗೆ. ಅದರೊಳಗೆ ಒಂದೇ ಒಂದು ಬಾವಲಿ. ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕಿವಿಯ ಅಂಚು ನೀವು ಹೇಳಿದ ಹಾಗೆಯೇ ಬೆಳ್ಳಗಿದೆ. ಕುತ್ತಿಗೆಯ ಸುತ್ತ ಕಿತ್ತಳೆ ಮಿಶ್ರಿತ ಕಂದು. ಅದು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ನಾಯಿಮರಿಯ ಮುಖ. ಇಷ್ಟು ದೊಡ್ಡ ಕಣ್ಣು ಇರುತ್ತದೆಂದು ನಾನು ಎಣಿಸಿರಲಿಲ್ಲ.

ಮರ ಸವರುವವರಿಗೆ ಈ ವಾರ ಬರಬೇಡಿ ಎಂದು ಫೋನ್ ಮಾಡಿದೆ.

ನಿವೃತ್ತ ಮೇಷ್ಟ್ರು, ಧಾರವಾಡ. ಜನವರಿ 10

ತಾಯಿ, ಒಳ್ಳೆಯ ಕೆಲಸ ಮಾಡಿದಿರಿ. ನೀವು ಕಂಡದ್ದು ಗಿಡ್ಡ ಮೂಗಿನ ಹಣ್ಣು ಬಾವಲಿ. ವೈಜ್ಞಾನಿಕ ಹೆಸರು ಸೈನಾಪ್ಟರಸ್ ಸ್ಫಿಂಕ್ಸ್. ಕುತ್ತಿಗೆಯ ಕಿತ್ತಳೆ ಬಣ್ಣ ನೋಡಿದರೆ ಬಲಿತ ಗಂಡು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಈ ಪ್ರಾಣಿಯ ಬಗ್ಗೆ ಕೇಳಿದರೆ ಉತ್ತರ ಉದ್ದವಾಗುತ್ತದೆ, ತಾಳ್ಮೆಯಿರಲಿ.

ಹಕ್ಕಿಯ ಹಾಗೆ ಹೊರಗಿನಿಂದ ಕಡ್ಡಿ ತಂದು ಕಟ್ಟುವ ಗೂಡಲ್ಲ ಇದು. ಇದ್ದದ್ದನ್ನು ಕಡಿದು ಕಡಿದು ಜಾಗ ಮಾಡಿಕೊಳ್ಳುವ ಕೆಲಸ. ಶಿಲ್ಪಿ ಕಲ್ಲಿನಿಂದ ಬೇಡದ್ದನ್ನು ತೆಗೆಯುತ್ತಾನಲ್ಲ, ಹಾಗೆ. ದಟ್ಟವಾದ ಎಲೆಗಳ ನಡುವೆ ಸೇರಿಕೊಂಡು ಎಳೆಯ ಕಡ್ಡಿಗಳನ್ನೂ ತೊಟ್ಟುಗಳನ್ನೂ ಹಲ್ಲಿನಿಂದ ಕತ್ತರಿಸಿ ಕೆಳಕ್ಕೆ ಬೀಳಿಸುತ್ತದೆ. ನೀವು ಬುಡದಲ್ಲಿ ದಿನವೂ ಗುಡಿಸುತ್ತಿರುವುದು ಅದರ ಕಟ್ಟಡದ ಮಣ್ಣು. ಇಂತಹ ಬಿಡಾರ ಮುಗಿಯಲು ಒಂದು ತಿಂಗಳಿಂದ ಒಂದೂವರೆ ತಿಂಗಳು ಬೇಕಾಗುತ್ತದೆ. ಕಟ್ಟುವುದು ಸಾಮಾನ್ಯವಾಗಿ ಒಂಟಿ ಗಂಡು, ಯಾರ ನೆರವೂ ಇಲ್ಲದೆ. ದಕ್ಷಿಣ ಭಾರತದಲ್ಲಿ ಅಶೋಕ ಮರದಲ್ಲೂ ಮನೆಗಳ ಮುಂದೆ ಪರದೆಯಂತೆ ಇಳಿಬಿಡುವ ಬಳ್ಳಿಯಲ್ಲೂ ಈ ಬಾವಲಿ ಬಿಡಾರ ಮಾಡುವುದನ್ನು ವಿಜ್ಞಾನಿಗಳು ರಾತ್ರಿಯಿಡೀ ಕುಳಿತು ನೋಡಿ 1995ರಲ್ಲಿ ವಿವರವಾಗಿ ಬರೆದಿದ್ದಾರೆ. ತಾಳೆಯ ಗರಿಯ ಅಡಿಯೂ ಇವುಗಳಿಗೆ ಆಗುತ್ತದೆ.

ಇಷ್ಟೆಲ್ಲ ಪಾಡು ಏತಕ್ಕೆಂದರೆ ಸಂಸಾರಕ್ಕೆ. ಬಿಡಾರ ಸಿದ್ಧವಾದ ಮೇಲೆ ಹೆಣ್ಣುಗಳು ಬಂದು ಸೇರುತ್ತವೆ. ಒಂದೆರಡರಿಂದ ಹಿಡಿದು ಇಪ್ಪತ್ತರ ಹತ್ತಿರದವರೆಗೂ. ಒಳ್ಳೆಯ ಬಿಡಾರವಿಲ್ಲದ ಗಂಡಿನ ಹತ್ತಿರ ಹೆಣ್ಣುಗಳು ನಿಲ್ಲುವುದಿಲ್ಲ. ಹಾಗಾಗಿ ಗಂಡು ರಾತ್ರಿಯಲ್ಲಿ ಹೆಣ್ಣುಗಳಷ್ಟು ದೂರ ಮೇಯಲು ಹೋಗದೆ, ಆಗಾಗ ಬಿಡಾರಕ್ಕೆ ಮರಳಿ ಕಾವಲು ಕಾಯುತ್ತದೆ.

ವರ್ಷಕ್ಕೆ ಎರಡು ಸಲ ಮರಿ. ಒಂದು ಸಲಕ್ಕೆ ಒಂದೇ. ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಒಮ್ಮೆ, ಜೂನ್ ಮತ್ತು ಜುಲೈನಲ್ಲಿ ಇನ್ನೊಮ್ಮೆ. ಹೊಟ್ಟೆಯಲ್ಲಿ ಸುಮಾರು ನಾಲ್ಕು ತಿಂಗಳು. ಮೊದಲ ಮರಿಗೆ ಹಾಲು ಕುಡಿಸುತ್ತಿರುವಾಗಲೇ ಎರಡನೆಯ ಗರ್ಭ ನಿಲ್ಲುತ್ತದೆ. ಐವತ್ತು ಗ್ರಾಂ ಆಸುಪಾಸಿನ ಜೀವಕ್ಕೆ ಅದೆಂತಹ ಹೊರೆ ಎಂದು ಯೋಚಿಸಿ. ನೀವು ಈ ಭಾನುವಾರ ಮರ ಬೋಳಿಸಿದ್ದರೆ, ಬಸುರಿ ಹೆಣ್ಣುಗಳು ಬಂದು ಸೇರುವ ಹೊತ್ತಿಗೆ ಸರಿಯಾಗಿ ಮನೆ ಇರುತ್ತಿರಲಿಲ್ಲ.

ತೋಟದ ಹಾದಿ, ತೀರ್ಥಹಳ್ಳಿ. ಜನವರಿ 11

ಮೇಷ್ಟ್ರೇ, ನಮ್ಮ ಕಡೆ ಬೈನೆ ಮರದ ಗೊನೆಯಲ್ಲಿ ಇವು ಇರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಜಡೆಯಂತೆ ಇಳಿದ ಗೊನೆಯ ನಡುವಿನ ಎಳೆಗಳನ್ನು ಕಡಿದು ಹಾಕಿ, ಹೊರಗಿನ ಎಳೆಗಳನ್ನು ಮಾತ್ರ ಉಳಿಸಿಕೊಂಡಿರುತ್ತವೆ. ಕೆಳಗಿನಿಂದ ನೋಡಿದರೆ ದೇವಸ್ಥಾನದ ಗಂಟೆಯೊಳಗೆ ಇಣುಕಿದ ಹಾಗೆ.

ಹಳೆಯ ಮಾತೊಂದು ನೆನಪಾಯಿತು. ಅಡಿಕೆ ಹಣ್ಣಾದ ಮೇಲೆ ಬಾವಲಿಗಳು ಸಿಪ್ಪೆಯ ಸಿಹಿಯನ್ನು ಜಗಿದು ಅಡಿಕೆಯನ್ನು ಕೆಳಕ್ಕೆ ಬಿಡುತ್ತವೆ. ಬೆಳಗ್ಗೆ ಎದ್ದು ಕಾಡಂಚಿನ ಮರಗಳ ಕೆಳಗೆ ಆ ಅಡಿಕೆ ಹೆಕ್ಕುವುದು ನಮಗೆ ಮಕ್ಕಳಿಗೆ ದೊಡ್ಡ ಸಂಭ್ರಮ. ಹೆಕ್ಕಿದವರಿಗೇ ಅದರ ದುಡ್ಡು. ಶಾಲೆಯ ಜಾತ್ರೆ ಖರ್ಚಿಗೆ ನನಗೆ ಸಿಗುತ್ತಿದ್ದದ್ದು ಅದೇ. ಗೇರುಬೀಜವೂ ಹಾಗೆಯೇ ಸಿಗುತ್ತಿತ್ತು. ತೋಟದ ಯಜಮಾನರು ನಷ್ಟ ಎಂದು ಗೊಣಗುತ್ತಿದ್ದರು, ನಿಜ. ಆದರೆ ಬಾವಲಿ ಹೊಡೆಯಲು ಹೋದವರನ್ನು ನಾನು ನೋಡಿಲ್ಲ.

ದ್ರಾಕ್ಷಿ ಚಪ್ಪರ, ಚಿಕ್ಕಬಳ್ಳಾಪುರ ಜಿಲ್ಲೆ. ಜನವರಿ 11

ಎಲ್ಲರೂ ಹೊಗಳುತ್ತಿದ್ದೀರಿ. ಬೆಳೆಗಾರನ ಮಾತನ್ನೂ ಸ್ವಲ್ಪ ಕೇಳಿ. ನನ್ನದು ಎರಡು ಎಕರೆ ದ್ರಾಕ್ಷಿ. ಬಾಳೆಯನ್ನು ಕಾಯಿ ಇರುವಾಗಲೇ ಕೊಯ್ದು ಮಾರಬಹುದು, ದ್ರಾಕ್ಷಿ ಹಾಗಲ್ಲ. ಬಳ್ಳಿಯಲ್ಲೇ ಹಣ್ಣಾಗಬೇಕು, ಸಿಹಿ ಬಂದ ಮೇಲೆಯೇ ಕೊಯ್ಲು. ಆ ಕೊನೆಯ ಹತ್ತು ಹದಿನೈದು ದಿನ ರಾತ್ರಿ ಇವು ಬಂದು ಗೊಂಚಲಿನ ಒಂದೊಂದು ಹಣ್ಣು ಕಚ್ಚಿ ಹೋಗುತ್ತವೆ. ಕಚ್ಚಿದ್ದು ಒಂದೇ ಆದರೂ ಅದರ ರಸ ಸೋರಿ ಇಡೀ ಗೊಂಚಲು ಕೊಳೆಯುತ್ತದೆ. ವ್ಯಾಪಾರಿ ಆ ಗೊಂಚಲನ್ನು ಮುಟ್ಟುವುದೂ ಇಲ್ಲ. ಸಾಲ ನನ್ನ ಹೆಸರಿನಲ್ಲಿದೆ. ಬಾವಲಿ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಸಜ್ಜೆಯ ಕೆಳಗೆ ನಾಲ್ಕು ಕಲೆ ಬಿದ್ದವರಿಗೂ ನನಗೂ ಒಂದೇ ಅಲ್ಲ.

ಇರುಳುಗಣ್ಣು. ಜನವರಿ 11

ಅಣ್ಣಾ, ನಿಮ್ಮ ನಷ್ಟ ಸುಳ್ಳೆಂದು ಇಲ್ಲಿ ಯಾರೂ ಹೇಳುವುದಿಲ್ಲ. ದ್ರಾಕ್ಷಿ, ಸೀಬೆ, ಸಪೋಟ ಈ ಮೂರರಲ್ಲಿ ಹಾನಿ ನಿಜವಾಗಿಯೂ ಇದೆ. ಒಂದು ಮಾತು ಮಾತ್ರ ಕೇಳಿಕೊಳ್ಳುತ್ತೇನೆ. ಸಣ್ಣ ನೈಲಾನ್ ದಾರದ ಸಡಿಲ ಬಲೆ ಹಾಕಬೇಡಿ. ಅದರಲ್ಲಿ ರೆಕ್ಕೆಯ ಬೆರಳು ಸಿಕ್ಕಿಕೊಂಡು ಬಾವಲಿ ಬೆಳಗಿನವರೆಗೆ ಒದ್ದಾಡಿ ಸಾಯುತ್ತದೆ. ಗೂಬೆ, ಹಾವು ಕೂಡ ಸಿಕ್ಕಿಬೀಳುತ್ತವೆ. ನಿಮ್ಮ ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ, ದಪ್ಪ ಎಳೆಯ ಬಿಳಿ ಬಲೆಯನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ಹಣ್ಣಿಗೆ ತಾಗದಂತೆ ಒಂದಡಿ ದೂರ ಬಿಡಿ. ಅದಕ್ಕೆ ಅವು ಬಡಿದು ಹಿಂದಿರುಗುತ್ತವೆ. ಹಕ್ಕಿ ಕಾಟಕ್ಕೂ ಅದೇ ಬಲೆ ಆಗುತ್ತದೆ. ಸೀಬೆಗಾದರೆ ಹಣ್ಣಿಗೊಂದೊಂದು ಕಾಗದದ ಚೀಲ ಸಾಕು.

ದ್ರಾಕ್ಷಿ ಚಪ್ಪರ. ಜನವರಿ 12

ಚಪ್ಪರದ ಪಕ್ಕಕ್ಕೆ ಹಕ್ಕಿ ಬಲೆ ಕಟ್ಟಿದ್ದೇನೆ, ಮೇಲೆ ಬಿಟ್ಟಿದ್ದೇನೆ. ಈ ಸಲ ಮೇಲೂ ಕಟ್ಟಿ ನೋಡುತ್ತೇನೆ. ಖರ್ಚು ಬಹಳ. ಹಾಗೆಂದು ನಾನು ಕೊಲ್ಲುವವನಲ್ಲ, ಅದನ್ನೂ ತಿಳಿದಿರಿ.

ನಿವೃತ್ತ ಮೇಷ್ಟ್ರು. ಜನವರಿ 12

ಕೊಲ್ಲುವ ಮಾತು ಬಂದದ್ದರಿಂದ ಕಾನೂನಿನ ವಿಷಯ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಇಲಿ, ಹೆಗ್ಗಣಗಳ ಜೊತೆ ಹಣ್ಣು ತಿನ್ನುವ ಬಾವಲಿಗಳನ್ನೂ ಉಪದ್ರವಕಾರಿ ಎಂದು ಸೇರಿಸಿದ್ದರು. ಕೊಂದರೂ ಕೇಳುವವರಿಲ್ಲ ಎಂದು ಅದರ ಅರ್ಥ. ಐವತ್ತು ವರ್ಷ ಹಾಗೆಯೇ ನಡೆಯಿತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಿದರು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ.

ಆ ಹಳೆಯ ಪಟ್ಟಿ ನನ್ನನ್ನು ಬಹಳ ವರ್ಷ ನೋಯಿಸಿದೆ. ಕಾಡು ಬೆಳೆಸುವವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದಂತೆ. ಈ ಬಾವಲಿ ಹಣ್ಣನ್ನು ಮರದಲ್ಲೇ ಕುಳಿತು ತಿನ್ನುವುದಿಲ್ಲ. ಕಚ್ಚಿಕೊಂಡು ಬೇರೆ ಮರಕ್ಕೋ, ಮೇಡಂ ಅವರ ಸಜ್ಜೆಗೋ ಹಾರಿ, ಅಲ್ಲಿ ತಲೆಕೆಳಗಾಗಿ ತೂಗಿಕೊಂಡು ಜಗಿಯುತ್ತದೆ. ರಸ ನುಂಗಿ ನಾರನ್ನು ಉಂಡೆ ಮಾಡಿ ಉಗುಳುತ್ತದೆ. ದೊಡ್ಡ ಬೀಜವನ್ನು ಅಲ್ಲೇ ಬಿಡುತ್ತದೆ. ಅತ್ತಿ, ಆಲ, ಗಸಗಸೆ ಹಣ್ಣಿನಂತಹ ಸಣ್ಣ ಬೀಜಗಳು ಹೊಟ್ಟೆಗೆ ಹೋಗಿ ಅರ್ಧ ಗಂಟೆಯೊಳಗೆ ಹೊರಬರುತ್ತವೆ. ಹಕ್ಕಿಗಳು ಹೆಚ್ಚಾಗಿ ಕೊಂಬೆಯ ಮೇಲೆ ಕುಳಿತು ಹಿಕ್ಕೆ ಹಾಕುತ್ತವೆ, ಬೀಜ ಇನ್ನೊಂದು ಮರದ ನೆರಳಿನಲ್ಲಿ ಬೀಳುತ್ತದೆ. ಬಾವಲಿ ಹಾರುತ್ತಲೇ ಬಿಡುವುದರಿಂದ ಬಯಲಿಗೂ ಬೋಳುಗುಡ್ಡಕ್ಕೂ ಬೀಜ ಸಿಗುತ್ತದೆ. ಹಿಪ್ಪೆ, ಬಿಳಿ ಬೂರುಗ ರಾತ್ರಿಯಲ್ಲಿ ಹೂ ಅರಳಿಸಿ ಯಾರಿಗಾಗಿ ಕಾಯುತ್ತವೆ ಎಂದುಕೊಂಡಿರಿ? ಕಕ್ಕೆ ಮರದ ಎಲೆಯನ್ನೂ ಇವು ಜಗಿದು ರಸ ಕುಡಿಯುತ್ತವೆ. ಹಣ್ಣಿನಲ್ಲಿ ಸಿಗದ ಸಾರ ಎಲೆಯಿಂದ.

ಮಗುವಿನ ಅಮ್ಮ, ಉಡುಪಿ. ಜನವರಿ 13

ನನ್ನದು ನೇರ ಪ್ರಶ್ನೆ. ಬಾವಲಿಯಿಂದ ಹರಡಬಲ್ಲ ನಿಫಾ ಜ್ವರ ಇರುವ ಕಾಲದಲ್ಲಿ ಮನೆಯಂಗಳದಲ್ಲಿ ಬಾವಲಿ ಇಟ್ಟುಕೊಳ್ಳುವುದು ಸರಿಯೇ? 2018ರಲ್ಲಿ ಕೋಯಿಕ್ಕೋಡಿನ ಸುದ್ದಿ ಬಂದಾಗ ನಾವು ಮಕ್ಕಳಿಗೆ ಹಣ್ಣು ಕೊಡಲೂ ಹೆದರಿದ್ದೆವು.

ಇರುಳುಗಣ್ಣು. ಜನವರಿ 13

ಅಕ್ಕಾ, ಹೆದರಿಕೆ ಸಹಜ. ನಿಫಾ ಮೊದಲು ಕಂಡದ್ದು 1998-99ರಲ್ಲಿ ಮಲೇಷ್ಯಾದಲ್ಲಿ, ಹಂದಿ ಸಾಕುವವರಲ್ಲಿ. ಬಾಂಗ್ಲಾದೇಶದಲ್ಲಿ ಈಚಲ ಮರದ ಹಸಿ ರಸ ಕುಡಿದವರಿಗೆ ಬಂತು. ನಮ್ಮ ದೇಶದಲ್ಲಿ 2001ರಲ್ಲಿ ಸಿಲಿಗುರಿ, ಆಮೇಲೆ ಕೇರಳ. ಈ ವೈರಾಣುವಿನ ಮುಖ್ಯ ನೆಲೆ ದೊಡ್ಡ ಹಾರುವ ನರಿ ಬಾವಲಿ. ಆಲದ ಮರದಲ್ಲಿ ನೂರಾರು ಒಟ್ಟಿಗೆ ತೂಗಾಡುತ್ತವಲ್ಲ, ಅದು. ಮೇಡಂ ಅವರ ಮನೆಯದ್ದು ಬೇರೆ ಜಾತಿ. ಹಾಗೆಂದು ಯಾವ ಬಾವಲಿಯ ವಿಷಯದಲ್ಲೂ ಅಜಾಗರೂಕತೆ ಸಲ್ಲದು. ಕಚ್ಚಿದ ಹಣ್ಣು ತಿನ್ನಬಾರದು. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತಬಾರದು, ಮಕ್ಕಳಿಗೆ ಇದನ್ನು ಮೊದಲು ಹೇಳಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರ ಹತ್ತಿರ ಹೋಗಬೇಕು. ಗೋಡೆಯ ಕಲೆಯನ್ನು ಒಣಗಿದಾಗ ಕೆರೆಯದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು.

ಮರ ಕಡಿದು ಓಡಿಸುವುದು ಮಾತ್ರ ಉಪಾಯವಲ್ಲ. ನೆಲೆ ಕಳೆದುಕೊಂಡು ಹಸಿದು ಬಳಲಿದ ಬಾವಲಿ ಹೊಸ ಹೊಸ ಜಾಗಗಳಿಗೆ ಚದುರುತ್ತದೆ, ಮನುಷ್ಯರ ಹತ್ತಿರ ಇನ್ನಷ್ಟು ಸುಳಿಯುತ್ತದೆ.

ಮಗುವಿನ ಅಮ್ಮ. ಜನವರಿ 13

ಕೈ ತೊಳೆಯುವುದು, ಹಣ್ಣು ನೋಡಿ ತಿನ್ನುವುದು ನಮ್ಮ ಕೈಯಲ್ಲೇ ಇದೆ. ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ.

ಹಳೆ ಪೆಟ್ಟಿಗೆ, ಬೆಂಗಳೂರು. ಜನವರಿ 15

ಈ ಜಾತಿಯ ಸುತ್ತ ಒಂದು ಕಥೆಯಿದೆ, ಇಲ್ಲಿ ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತೇನೆ. 1797ರಲ್ಲಿ ನಿಸರ್ಗ ವಿಜ್ಞಾನಿ ಮಾರ್ಟಿನ್ ವಾಲ್ ಇದಕ್ಕೆ ಹೆಸರಿಟ್ಟದ್ದು ತರಂಗಂಬಾಡಿಯಿಂದ ಬಂದ ಬಾವಲಿಯನ್ನು ನೋಡಿ. ಆಗ ತಮಿಳುನಾಡಿನ ಆ ಕಡಲತೀರದ ಊರು ಡೆನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿಂದ ನೂರೈವತ್ತು ವರ್ಷ ದಾಟಿ ಬನ್ನಿ. 1948ರಲ್ಲಿ ಆಂಗಸ್ ಹಟನ್ ಎಂಬುವವರು ಮದುರೈ ಸೀಮೆಯ ಹೈ ವೇವಿ ಬೆಟ್ಟಗಳಲ್ಲಿ ಒಂದು ಬಾವಲಿ ಹಿಡಿದರು. ಅದನ್ನು ಇದೇ ಗಿಡ್ಡ ಮೂಗಿನ ಬಾವಲಿ ಎಂದು ಬರೆದು ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಸಂಗ್ರಹದಲ್ಲಿ ಇಟ್ಟರು. ಇಪ್ಪತ್ತನಾಲ್ಕು ವರ್ಷ ಅದು ಹಾಗೆಯೇ ಇತ್ತು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ತೊಂಗ್ಲಾಂಗ್ಯ ಅದನ್ನು ಕೈಗೆತ್ತಿಕೊಂಡು ನೋಡಿದಾಗ, ಜಾತಿ ಮಾತ್ರವಲ್ಲ ಕುಲವೇ ಬೇರೆ ಎಂದು ತಿಳಿಯಿತು. ಸಲೀಂ ಅಲಿಯವರ ಹೆಸರನ್ನು ಅದಕ್ಕೆ ಇಟ್ಟರು. ಇಂದು ಅದು ಜಗತ್ತಿನ ಅತಿ ವಿರಳ ಹಣ್ಣು ಬಾವಲಿಗಳಲ್ಲಿ ಒಂದು.

ಎಲ್ಲೆಲ್ಲೂ ಸಿಗುತ್ತದೆ ಎಂದು ನಾವು ಎರಡನೆಯ ಸಲ ನೋಡದೆ ಬಿಡುವ ಪ್ರಾಣಿಯ ಹೆಸರಿನ ಹಿಂದೆ ಇನ್ನೊಂದು ಅವಿತಿತ್ತು. ಪೇಟೆಯಲ್ಲಿ ಸಿಗುವ ಈ ಬಾವಲಿಯ ಹತ್ತಿರದ ಸಂಬಂಧಿ, ಸ್ವಲ್ಪ ಚಿಕ್ಕದು, ಪಶ್ಚಿಮ ಘಟ್ಟಗಳ ಕಾಡಿನಲ್ಲಿದೆ. ತೀರ್ಥಹಳ್ಳಿಯವರು ನೋಡಿದ ಬೈನೆ ಗೊನೆಯಲ್ಲಿ ಯಾವುದಿತ್ತೋ, ಮುಂದಿನ ಸಲ ಒಂದು ಚಿತ್ರ ಹಾಕಿ.

ತೋಟದ ಹಾದಿ. ಜನವರಿ 15

ಖಂಡಿತ. ಬೈನೆ ಗೊನೆಯ ಬಿಡಾರದ ಬಗ್ಗೆ ಯಾರಾದರೂ ಅಧ್ಯಯನ ಮಾಡಿದ್ದಾರೆಯೇ?

ನಿವೃತ್ತ ಮೇಷ್ಟ್ರು. ಜನವರಿ 16

ಮಾಡಿದ್ದಾರೆ. ಪುಣೆಯಲ್ಲಿ ಎಚ್.ಆರ್. ಭಟ್ ಮತ್ತು ಅಮೆರಿಕದ ಥಾಮಸ್ ಕುಂಜ್ ಸೇರಿ ಬರೆದ ಲೇಖನ 1995ರದ್ದು. ಕೋಲಾರದ ಹತ್ತಿರದ ಗುಹೆಯಲ್ಲಿ ಮಾತ್ರ ಬದುಕಿರುವ ಎಲೆಮೂಗಿನ ಬಾವಲಿ ಇದೆಯಲ್ಲ, ಅದನ್ನು 1994ರಲ್ಲಿ ಹೊಸ ಜಾತಿಯೆಂದು ಹೆಸರಿಸಿದ ಇಬ್ಬರಲ್ಲಿ ಒಬ್ಬರೂ ಇದೇ ಭಟ್.

ಹಿತ್ತಲಬಾಗಿಲು. ಫೆಬ್ರವರಿ 6

ತಿಂಗಳಾಯಿತು, ವರದಿ ಕೊಡುತ್ತೇನೆ. ಬುಡದಲ್ಲಿ ಕಡ್ಡಿ ಬೀಳುವುದು ಜನವರಿ 20ರ ಸುಮಾರಿಗೆ ಕಡಿಮೆಯಾಯಿತು. ಈಗ ಒಳಗೆ ನಾಲ್ಕು ಇವೆ. ಗಂಡು ಒಂದು ಬದಿಗೆ, ಉಳಿದ ಮೂರು ಒಂದಕ್ಕೊಂದು ಒತ್ತಿಕೊಂಡು.

ಸಂಜೆ ಕುರ್ಚಿ ಹಾಕಿ ಕುಳಿತುಕೊಳ್ಳುವುದು ರೂಢಿಯಾಗಿದೆ. ಒಂದು ವಿಷಯ ಗಮನಿಸಿದೆ. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಗಸಗಸೆ ಮರದ ಸುತ್ತ ಓಡಾಟ ತೀರಾ ಕಡಿಮೆ. ಅಮಾವಾಸ್ಯೆಯ ಕಡೆಗೆ ಹೆಚ್ಚು. ಇದು ನನ್ನ ಭ್ರಮೆಯೇ?

ಸಜ್ಜೆಯ ಕೆಳಗೆ ಅವು ಉಗುರು ಸಿಕ್ಕಿಸುತ್ತಿದ್ದ ಜಾಗಕ್ಕೆ ನುಣುಪಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಹಿಡಿತ ಸಿಗದೆ ಅಲ್ಲಿಗೆ ಬರುವುದನ್ನು ಬಿಟ್ಟಿವೆ. ಗೋಡೆ ಈಗ ಸ್ವಚ್ಛ. ಪಕ್ಕದ ಮನೆಯವರ ಸಿಟ್ಟಿಗೆ ಮೂಲ ಗೋಡೆಯೇ ಆಗಿತ್ತು, ಮರವಲ್ಲ.

ನಿವೃತ್ತ ಮೇಷ್ಟ್ರು. ಫೆಬ್ರವರಿ 6

ಭ್ರಮೆಯಲ್ಲ ತಾಯಿ. ಮದುರೈ ಕಾಮರಾಜ ವಿಶ್ವವಿದ್ಯಾಲಯದವರು ಇದೇ ಜಾತಿಯಲ್ಲಿ ಇದನ್ನೇ ಕಂಡಿದ್ದಾರೆ. ಬೆಳದಿಂಗಳಲ್ಲಿ ಗೂಬೆಯ ಕಣ್ಣಿಗೆ ಬೀಳುವ ಭಯ. ಹುಳು ತಿನ್ನುವ ಬಾವಲಿಗಳ ಹಾಗೆ ಇವು ಗಂಟಲಿನಿಂದ ಸದ್ದು ಮಾಡಿ ಅದರ ಮರುದನಿಯಿಂದ ದಾರಿ ತಿಳಿಯುವುದಿಲ್ಲ. ಕಣ್ಣು ಮತ್ತು ಮೂಗನ್ನೇ ನಂಬಿರುತ್ತವೆ. ಹಣ್ಣಾದ ಸೀಬೆಯ ವಾಸನೆಗೆ ಕತ್ತಲಲ್ಲಿ ನೇರ ಬರುತ್ತವೆ.

ಹಿತ್ತಲಬಾಗಿಲು. ಮಾರ್ಚ್ 21

ಮರಿ! ಇವತ್ತು ಬೆಳಿಗ್ಗೆ ಒಂದು ಹೆಣ್ಣು ರೆಕ್ಕೆ ಬಿಡಿಸಿ ಮೈ ನೆಕ್ಕಿಕೊಳ್ಳುವಾಗ ಎದೆಗೆ ಅಂಟಿದ ಬೂದು ಬಣ್ಣದ ಸಣ್ಣ ಜೀವ ಕಂಡಿತು. ಅತ್ತೆಯವರನ್ನು ಕರೆದು ತೋರಿಸಿದೆ. ಮೊದಲು ಬೇಡವೆಂದವರು ಕನ್ನಡಕ ತಂದುಕೊಂಡು ಹತ್ತು ನಿಮಿಷ ನೋಡಿದರು. "ಎಳೆ ಕೂಸನ್ನು ಹೊತ್ತುಕೊಂಡೇ ಹಾರುತ್ತದೆಯೇ" ಎಂದು ಕೇಳಿದರು. ಇನ್ನೂ ಒಂದೆರಡು ಮರಿಗಳು ಇರಬಹುದು, ಎದೆ ಮುಚ್ಚಿಕೊಂಡಿರುವುದರಿಂದ ತಿಳಿಯುತ್ತಿಲ್ಲ.

ಮರದ ತುದಿಗಳು ವಿದ್ಯುತ್ ತಂತಿಯ ಕಡೆಗೆ ಬೆಳೆಯುತ್ತಿರುವುದು ನಿಜ, ಸವರಲೇಬೇಕು. ಯಾವಾಗ ಸವರಿದರೆ ತೊಂದರೆಯಾಗದು?

ಇರುಳುಗಣ್ಣು. ಮಾರ್ಚ್ 21

ಈ ಮರಿಗಳು ಹಾಲು ಬಿಡಲು ಒಂದು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ತಾಯಂದಿರು ಮತ್ತೆ ಬಸುರಿಯಾಗಿರುತ್ತವೆ, ಜೂನ್ ಜುಲೈನಲ್ಲಿ ಎರಡನೆಯ ಮರಿ. ಹಾಗಾಗಿ ಸೆಪ್ಟೆಂಬರ್ ಒಳ್ಳೆಯದು. ತಂತಿಗೆ ತಾಗುವ ತುದಿಯನ್ನು ಮಾತ್ರ ಈಗ ಕೈಗರಗಸದಿಂದ ತೆಗೆಸಿ, ಬಿಡಾರ ಇರುವುದು ಅದಕ್ಕಿಂತ ಎಷ್ಟೋ ಕೆಳಗೆ. ಸೆಪ್ಟೆಂಬರಿನಲ್ಲೂ ಮೂರನೆಯ ಮರವನ್ನು ಬಿಟ್ಟು ಉಳಿದ ನಾಲ್ಕನ್ನು ಸವರಿಸಿ.

ದ್ರಾಕ್ಷಿ ಚಪ್ಪರ. ಮಾರ್ಚ್ 24

ಮೇಲೆ ಬಲೆ ಕಟ್ಟಿದೆ. ಕೊಯ್ಲು ಮುಗಿಯಿತು. ಒಂದು ಮೂಲೆಯಲ್ಲಿ ಬಲೆ ಸಡಿಲವಾಗಿ ಅಲ್ಲಿ ಮಾತ್ರ ಕಚ್ಚಿದ ಗೊಂಚಲುಗಳು ಸಿಕ್ಕವು, ಉಳಿದದ್ದು ಉಳಿಯಿತು. ಸತ್ತ ಬಾವಲಿ ಒಂದೂ ಇಲ್ಲ. ಬಲೆಯ ದುಡ್ಡು ಹುಟ್ಟಲು ಇನ್ನೂ ಎರಡು ಬೆಳೆ ಬೇಕು. ಬೇಕಾದವರು ಕೇಳಿ, ಕಟ್ಟುವ ವಿಧಾನ ಬರೆದು ಹಾಕುತ್ತೇನೆ.

ಹಿತ್ತಲಬಾಗಿಲು. ಮಾರ್ಚ್ 29

ದಯವಿಟ್ಟು ಬರೆಯಿರಿ, ನಮ್ಮ ತಮ್ಮನ ಸಪೋಟ ತೋಟಕ್ಕೆ ಬೇಕು.

ತಂತಿಯ ಕಡೆಯ ತುದಿಗಳನ್ನು ನಿನ್ನೆ ತೆಗೆಸಿದೆ. ಆಳು ಏಣಿ ಇಳಿಯುವವರೆಗೂ ನಾನು ಮೂರನೆಯ ಮರದ ಕೆಳಗೇ ನಿಂತಿದ್ದೆ. ಒಂದೂ ಹಾರಿಹೋಗಲಿಲ್ಲ. ಸಂಜೆ ಪಕ್ಕದ ಮನೆಯ ಹುಡುಗನೂ ಬಂದು ಜೊತೆಗೆ ಕುಳಿತ. 7 ಗಂಟೆ 5 ನಿಮಿಷಕ್ಕೆ ಮೊದಲನೆಯದು ಹೊರಬಿತ್ತು. ಅವನು ಬೆರಳು ಮಡಚಿ ಎಣಿಸಿದ್ದು ಆರು. ಗಂಡು ಕೊನೆಗೆ ಹೊರಟು, ಗಸಗಸೆ ಮರದವರೆಗೆ ಹೋಗಿ, ಐದೇ ನಿಮಿಷದಲ್ಲಿ ಬಾಯಲ್ಲಿ ಒಂದು ಹಣ್ಣು ಕಚ್ಚಿಕೊಂಡು ಹಿಂದಿರುಗಿತು.